ಹಾಲ್‌ನ ಆರ್ಕಿಡ್‌ಗಳಿಗೆ ಹಿಟ್ಟು ತಿಗಣೆ: ರಾಯಚೂರಿನ ಒಂದು ಮನೆಯ ಪ್ರಕರಣ

ಇದು ರಾಯಚೂರು ನಗರದ ಒಂದು ಮನೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಬಿಟ್ಟಿದ್ದೇನೆ, ಗುರುತು ಹತ್ತಬಹುದಾದ ಒಂದೆರಡು ಸಂಗತಿ ಬದಲಿಸಿದ್ದೇನೆ. ಗಿಡಗಳಿಗೆ ಆದದ್ದು ಮಾತ್ರ ಇದ್ದದ್ದು ಇದ್ದ ಹಾಗೆ. ಗಿಡಗಳ ಒಡತಿಯನ್ನು ಟೀಚರ್ ಎಂದು ಕರೆಯುತ್ತೇನೆ. ಊರಿನಲ್ಲಿ ಆರ್ಕಿಡ್ ಸಾಕುವ ನಾವು ಕೆಲವರು ಗಿಡದ ಕಷ್ಟಸುಖ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಈ ಪ್ರಕರಣ ನನ್ನ ಹತ್ತಿರ ಬಂದದ್ದೂ ಹಾಗೆಯೇ.

ಹಿನ್ನೆಲೆ

ಟೀಚರ್ ಮನೆಯಲ್ಲಿ ಇದ್ದವು ಫಲೇನಾಪ್ಸಿಸ್ ಜಾತಿಯ ಆರ್ಕಿಡ್‌ಗಳು, ಹತ್ತರ ಆಸುಪಾಸು. ಈ ಗಿಡದ ತವರು ಆಗ್ನೇಯ ಏಷ್ಯಾದ ಮಳೆಕಾಡು. ಅಲ್ಲಿ ಅದು ಮಣ್ಣಿನಲ್ಲಿ ಬೆಳೆಯುವುದಿಲ್ಲ, ಮರದ ತೊಗಟೆಯನ್ನು ಬೇರಿನಿಂದ ಹಿಡಿದುಕೊಂಡು ನೆರಳಲ್ಲಿ, ತೇವದ ಗಾಳಿಯಲ್ಲಿ ಬದುಕುತ್ತದೆ. ಅಂಥದ್ದನ್ನು ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ಬಿಸಿಲೂರಿನಲ್ಲಿ, ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ಕಡೆ ಉಳಿಸಿಕೊಳ್ಳಬೇಕಾದರೆ ಮನೆಯೊಳಗೇ ಒಂದು ತಂಪಿನ ಜಾಗ ಮಾಡಿಕೊಡಬೇಕು. ಟೀಚರ್ ಅದನ್ನು ಚೆನ್ನಾಗಿಯೇ ಮಾಡಿದ್ದರು. ಬೋರ್‌ವೆಲ್ಲಿನ ಗಡಸು ನೀರು ಬೇರಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆಂದು ಫಿಲ್ಟರ್ ನೀರು ಹಾಕುತ್ತಿದ್ದರು. ಗಿಡಗಳ ಸ್ಟ್ಯಾಂಡನ್ನು ಹಾಲ್‌ನಲ್ಲಿ ಪೂರ್ವದ ಕಿಟಕಿಯ ಪಕ್ಕ, ಬೇಸಿಗೆಯಲ್ಲಿ ಕೂಲರ್ ಗಾಳಿ ತಾಗುವ ಹಾಗೆ ಇಟ್ಟಿದ್ದರು. ಆ ಕಿಟಕಿಯ ಹೊರಗೇ ಅತ್ತೆಯವರ ದಾಸವಾಳ. ದಿನಾ ಬೆಳಿಗ್ಗೆ ದೇವರಿಗೆ ಅದರ ಹೂವೇ ಆಗಬೇಕು.

ಯುಗಾದಿಗೆ ಮುಂಚೆ ಟೀಚರ್ ಯಜಮಾನರು ಹೈದರಾಬಾದಿನಿಂದ ಹೂವು ತುಂಬಿದ ಒಂದು ಬಿಳಿ ಫಲೇನಾಪ್ಸಿಸ್ ತಂದುಕೊಟ್ಟರು. ಅದು ಬಂದ ದಿನವೇ ಉಳಿದವುಗಳ ನಡುವೆ ಹೋಗಿ ಕೂತಿತು.

ಸಮಸ್ಯೆ ಕಾಣಿಸಿಕೊಂಡ ರೀತಿ

ಮೊದಲು ಉದುರಿದ್ದು ಮೊಗ್ಗು. ಬಿಸಿಲು ಏರುವ ಕಾಲ, ಒಣಗಾಳಿ, ಮೊಗ್ಗು ಉದುರುವುದು ಹೊಸತಲ್ಲ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಎಲೆಯ ಮೇಲೆ ಅಂಟು. ಇಲ್ಲೊಂದು ಗೊಂದಲವಿದೆ, ಆರ್ಕಿಡ್ ಸಾಕುವ ಎಲ್ಲರಿಗೂ ಗೊತ್ತಿರಬೇಕಾದದ್ದು: ಫಲೇನಾಪ್ಸಿಸ್‌ನ ಹೂದಂಡು, ಮೊಗ್ಗುಗಳು ತಾವೇ ಸಣ್ಣ ಸಿಹಿ ಹನಿಗಳನ್ನು ಒಸರುತ್ತವೆ. ಅದು ರೋಗವಲ್ಲ. ಆದರೆ ಎಲೆಯ ಮೇಲ್ಮೈ ಉದ್ದಕ್ಕೂ ಎಣ್ಣೆ ಸವರಿದ ಹಾಗೆ ಹೊಳೆದು, ಬೆರಳಿಗೆ ಅಂಟಿ, ಕೆಲವು ದಿನಕ್ಕೆ ಅದರ ಮೇಲೆ ಕಪ್ಪು ಬೂಷ್ಟು ಕೂತರೆ ಅದು ಗಿಡದ್ದಲ್ಲ. ರಸ ಹೀರುವ ಹುಳು ಮೇಲೆಲ್ಲೋ ಕೂತಿದೆ. ಟೀಚರ್‌ಗೆ ಅದು ತಿಳಿದದ್ದು ಎಲೆಗಳ ಕಂಕುಳಲ್ಲಿ ಬಿಳಿ ಹತ್ತಿಯ ಚೂರುಗಳಂಥದ್ದು ಕಂಡ ಮೇಲೆ. ಅದೇ ಹಿಟ್ಟು ತಿಗಣೆ, ಮೈಗೆ ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ಗಿಡದ ರಸ ಹೀರುವ ಸಣ್ಣ ಹುಳು. ಕಿಟಕಿ ಚೌಕಟ್ಟಿನ ಸಂದಿಯಿಂದ ಸ್ಟ್ಯಾಂಡಿನವರೆಗೆ ಇರುವೆ ಸಾಲು ಬೇರೆ.

ಮೊದಲು ಮಾಡಿದ್ದು

ಅತ್ತೆಯವರು ಹೇಳಿದಂತೆ ಮೊದಲು ಬೂದಿ ಉದುರಿಸಿದರು. ತರಕಾರಿ ಗಿಡಕ್ಕೆ ಮಣ್ಣಿನಲ್ಲಿ ಅದು ನಡೆದೀತು. ತೊಗಟೆ ತುಂಡುಗಳ ನಡುವೆ ಬರಿ ಬೇರಿಟ್ಟುಕೊಂಡ ಆರ್ಕಿಡ್‌ಗೆ ಬೂದಿಯ ಕ್ಷಾರ ಒಳ್ಳೆಯದಲ್ಲ. ಆಮೇಲೆ ಬಟ್ಟೆ ಒಗೆಯುವ ಪುಡಿಯ ನೀರು ಸಿಂಪಡಿಸಿದರು. ಮೇಲೆ ಕಾಣುತ್ತಿದ್ದ ಬಿಳುಪು ಹೋಯಿತು. ಹತ್ತು ಹದಿನೈದು ದಿನಕ್ಕೆ ಮತ್ತೆ ಬಂತು, ಮೊದಲಿಗಿಂತ ಹೆಚ್ಚಾಗಿ.

ಮೂರನೆಯದು ಬೇವಿನ ಎಣ್ಣೆ. ಲೀಟರ್ ನೀರಿಗೆ 3ರಿಂದ 5 ಮಿ.ಲೀ. ಎಣ್ಣೆ, ಬೆರೆಯಲೆಂದು ಎರಡು ಹನಿ ಸೋಪು. ಅಳತೆಯಲ್ಲಿ ತಪ್ಪಿರಲಿಲ್ಲ, ಹೊತ್ತು ತಪ್ಪಿತು. ಮೇ ತಿಂಗಳ ರಜೆಯ ಒಂದು ದಿನ, ಕಿಟಕಿಯಿಂದ ಇನ್ನೂ ಬಿಸಿಲು ಬೀಳುತ್ತಿದ್ದಾಗ ಹೊಡೆದರು. ಎಣ್ಣೆಯ ಪದರ ಹೊತ್ತ ಎಲೆ ಕಾವಿಗೆ ಸುಟ್ಟು ಕಂದು ಮಚ್ಚೆ ಬಿತ್ತು. ಒಂದು ಗಿಡದಲ್ಲಿ ದ್ರಾವಣ ಸುಳಿಯೊಳಗೇ ನಿಂತು ಸುಳಿ ಕೊಳೆಯಿತು. ಫಲೇನಾಪ್ಸಿಸ್‌ಗೆ ಬೆಳೆಯುವ ತುದಿ ಒಂದೇ, ಅದು ಹೋದರೆ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಬೇವಿನ ಎಣ್ಣೆ ಕೆಟ್ಟದ್ದಲ್ಲ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಅದನ್ನು ಹೊಡೆಯುವುದಾದರೆ ಸೂರ್ಯ ಮುಳುಗಿದ ಮೇಲೆ ಹೊಡೆದು, ಸುಳಿಯಲ್ಲಿ ನಿಂತದ್ದನ್ನು ಟಿಶ್ಯೂ ಪೇಪರಿನಿಂದ ಹೀರಿ ತೆಗೆಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ಏಪ್ರಿಲ್–ಮೇನಲ್ಲಿ ಆರ್ಕಿಡ್‌ಗೆ ಎಣ್ಣೆಯ ಸಿಂಪಡಣೆ ಬೇಡವೇ ಬೇಡ.

ಹುಳು ಸಾಯಲಿಲ್ಲ, ಗಿಡ ಸೊರಗಿತು. ಟೀಚರ್ ನನಗೆ ಫೋನ್ ಮಾಡಿದ್ದು ಆಗ.

ಬೇಡವೆಂದ ಔಷಧ

ನಾನು ಹೋದ ದಿನ ಅವರ ತಮ್ಮನೂ ಊರಿನಿಂದ ಬಂದಿದ್ದರು. ಮಾನ್ವಿ ಕಡೆ ಹತ್ತಿ ಬೆಳೆಯುವವರು. ಅವರ ಮಾತು ನೇರ.

"ಅಕ್ಕಾ, ಹತ್ತಿಗೆ ಹೊಡಿಯೋ ಎಣ್ಣಿ ನನ್ನತ್ರ ಅದ. ಒಂದು ಮುಚ್ಚಳ ಹಾಕಿ ಹೊಡದ್ರ ಮುಗೀತು. ಎದಕ್ಕ ಇಷ್ಟು ಒದ್ದಾಡ್ತಿ?"

ಟೀಚರ್ ನನ್ನ ಮುಖ ನೋಡಿದರು. ಈ ಪ್ರಕರಣದ ಮೊದಲ ದೊಡ್ಡ ತೀರ್ಮಾನ ಇದು, ಹಾಗಾಗಿ ಕಾರಣ ಬಿಡಿಸಿ ಬರೆಯುತ್ತೇನೆ. ಆ ಹಾಲ್‌ನಲ್ಲಿ ಬೇಸಿಗೆಯಿಡೀ ಕೂಲರ್ ಮುಂದೆ ಮಕ್ಕಳು ಮಲಗುತ್ತಾರೆ. ಹೊಲದ ಔಷಧ ಬಯಲಲ್ಲಿ, ಗಾಳಿಯಲ್ಲಿ ಬಳಸಲೆಂದು ಮಾಡಿದ್ದು. ಡಬ್ಬಿಯ ಮೇಲೆ ಬರೆದಿರುವ ಬೆಳೆಗಳಿಗೆ ಮಾತ್ರ ಅದು. ಮನೆಯೊಳಗೆ ಅದರ ಆವಿ ಹೋಗಲು ದಾರಿಯಿಲ್ಲ, ಕೂಲರ್ ಅದನ್ನೇ ಸುತ್ತಿಸುತ್ತದೆ. ಮಕ್ಕಳ ಮಾತು ಬದಿಗಿಟ್ಟರೂ, ಹಿಟ್ಟು ತಿಗಣೆಯ ಮೈಮೇಲೆ ಮೇಣದ ಪುಡಿಯ ಹೊದಿಕೆ ಇರುತ್ತದೆ. ಮೇಲಿಂದ ಬಿದ್ದ ಹನಿ ಅದರ ಮೇಲೆ ಜಾರಿ ಹೋಗುತ್ತದೆ. ಎಲೆಬುಡದ ಪದರಗಳ ಒಳಗೆ ಕೂತದ್ದಕ್ಕಂತೂ ತಾಗುವುದೇ ಇಲ್ಲ. ಗಿಡದೊಳಕ್ಕೆ ಹೀರಿಕೊಳ್ಳುವ ಔಷಧಗಳಿವೆ, ದೊಡ್ಡ ನೆರಳುಮನೆಯಲ್ಲಿ ನೂರಾರು ಗಿಡ ಇಟ್ಟವರು ಬಳಸುತ್ತಾರೆ, ಅದು ಬೇರೆ ಲೆಕ್ಕ. ಹತ್ತು ಗಿಡಕ್ಕೆ, ಮಲಗುವ ಜಾಗದಲ್ಲಿ, ಬೇಡ ಅಂದೆ. ಟೀಚರ್ ಒಪ್ಪಿದರು. ತಮ್ಮನಿಗೆ ಅಷ್ಟು ಸಮಾಧಾನವಾಗಲಿಲ್ಲ.

ದಾಸವಾಳದ ಮೇಲೆ ಬಂದ ಅನುಮಾನ

ಮನೆಯಲ್ಲಿ ಇನ್ನೊಂದು ಜಗಳ ಆಗಲೇ ಬೇಯುತ್ತಿತ್ತು. ಕಿಟಕಿ ಹೊರಗಿನ ದಾಸವಾಳದ ಚಿಗುರಿನಲ್ಲೂ ಬಿಳಿ ಹಿಟ್ಟು. ಇರುವೆ ಸಾಲು ಬರುತ್ತಿದ್ದದ್ದೂ ಅದೇ ಕಿಟಕಿಯಿಂದ. ಹಾಗಾಗಿ ಹುಳು ಅಲ್ಲಿಂದಲೇ ಬಂದದ್ದು, ದಾಸವಾಳ ಕಡಿಸಿಬಿಡೋಣ ಎಂದು ಟೀಚರ್ ಯಜಮಾನರು ಹೇಳಿದ್ದರು. ಅತ್ತೆಯವರು ಎರಡು ದಿನ ಮಗನ ಹತ್ತಿರ ಮಾತು ಬಿಟ್ಟಿದ್ದರಂತೆ.

ಅನುಮಾನ ಬರುವಂಥದ್ದೇ. ಆದರೆ ಗಿಡ ಕಡಿಯುವ ಮುಂಚೆ ಎರಡೂ ಕಡೆಯ ಹುಳುವನ್ನು ಹೋಲಿಸಿ ನೋಡುವುದು ಹತ್ತು ನಿಮಿಷದ ಕೆಲಸ. ಒಂದು ಕರಿ ಕಾಗದದ ಮೇಲೆ ಆರ್ಕಿಡ್‌ನಿಂದ ಒಂದಷ್ಟು, ದಾಸವಾಳದಿಂದ ಒಂದಷ್ಟು ಇಟ್ಟು ಭೂತಗನ್ನಡಿ ಹಿಡಿದೆವು. ಆರ್ಕಿಡ್‌ನ ಹುಳುವಿಗೆ ಹಿಂಭಾಗದಲ್ಲಿ ಎರಡು ಬಿಳಿ ಎಳೆಗಳು, ಮೈಯಷ್ಟೇ ಉದ್ದ, ಬಾಲದ ಹಾಗೆ. ದಾಸವಾಳದ್ದಕ್ಕೆ ಅಂಥ ಬಾಲವಿಲ್ಲ, ಬೆನ್ನ ಮೇಲೆ ಎರಡು ಸಾಲು ಕಪ್ಪು ಗುರುತು.

ಕನ್ನಡಿ ಕೈಗೆ ತೆಗೆದುಕೊಂಡ ತಮ್ಮ ಕೂಡಲೇ ಹೇಳಿದರು: "ಹತ್ಯಾಗ ಬರೋದು ಇದ ನೋಡ್ರಿ, ಬೆನ್ನ ಮ್ಯಾಲ ಕರೆ ಗೆರಿ ಇರೋದು. ಆ ಬಾಲದ್ದು ನಾ ನೋಡಿಲ್ಲ."

ಅವರ ಕಣ್ಣು ಸರಿಯಾಗಿತ್ತು. 2005ರ ನಂತರ ದೇಶದ ಹತ್ತಿ ಹೊಲಗಳಲ್ಲಿ ದೊಡ್ಡ ಪೀಡೆಯಾದ ಹಿಟ್ಟು ತಿಗಣೆಯದು, ದಾಸವಾಳ ಅದಕ್ಕೆ ಬಲು ಪ್ರಿಯ. ಆರ್ಕಿಡ್ ಮೇಲಿದ್ದದ್ದು ಉದ್ದ ಬಾಲದ ಹಿಟ್ಟು ತಿಗಣೆ, ಮನೆಯೊಳಗಿನ, ಗಾಜುಮನೆಯ ಗಿಡಗಳಲ್ಲಿ ಹೆಚ್ಚು ಸಿಗುವ ಜಾತಿ. ದಾಸವಾಳ ಕಡಿದಿದ್ದರೆ ಅತ್ತೆಯವರ ಪೂಜೆಯ ಹೂವು ಹೋಗುತ್ತಿತ್ತು, ಆರ್ಕಿಡ್‌ನ ಒಂದು ಹುಳುವೂ ಕಡಿಮೆಯಾಗುತ್ತಿರಲಿಲ್ಲ.

ದಾಸವಾಳವನ್ನು ಇನ್ನೂ ಹತ್ತಿರದಿಂದ ನೋಡಿದಾಗ ಬೇರೆಯೂ ಕಂಡಿತು. ಕೆಲವು ತಿಗಣೆಗಳು ಕಂದು ಬಣ್ಣಕ್ಕೆ ತಿರುಗಿ, ಉಬ್ಬಿ, ಗಟ್ಟಿಯಾಗಿದ್ದವು. ಒಂದೆರಡರಲ್ಲಿ ಸಣ್ಣ ತೂತು. ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಕಿರುಕಣಜ ಬೆಳೆದು ಹೊರಬಿದ್ದ ಗುರುತು ಅದು. ಅವುಗಳ ನಡುವೆ ಸರಸರ ಓಡಾಡುತ್ತಿದ್ದ, ಉದ್ದುದ್ದ ಬಿಳಿ ಎಳೆ ಹೊತ್ತ ಒಂದು 'ದೊಡ್ಡ ತಿಗಣೆ'ಯನ್ನು ಅತ್ತೆಯವರು ಹೊಸಕಲು ಹೋದರು, ತಡೆದೆ. ತಿಗಣೆ ಹಾಗೆ ಓಡುವುದಿಲ್ಲ. ಅದು ಒಂದು ಬಗೆಯ ಗುಲಗಂಜಿ ಹುಳುವಿನ ಮರಿ, ತಿಗಣೆಯನ್ನೇ ತಿಂದು ಬೆಳೆಯುವುದು. ಹಿಟ್ಟು ತಿಗಣೆಯ ವೇಷದಲ್ಲೇ ಇರುವುದರಿಂದ ಜನ ಇದನ್ನೇ ಮೊದಲು ಕೊಂದುಬಿಡುತ್ತಾರೆ. ದಾಸವಾಳಕ್ಕೆ ಏನೂ ಹೊಡೆಯಬಾರದು, ಅದರ ಪಾಡಿಗೆ ಬಿಡಬೇಕು ಎಂದು ತೀರ್ಮಾನವಾಯಿತು.

ಕುಂಡ ಬಿಚ್ಚಿದಾಗ

ಹಾಗಾದರೆ ಬಂದದ್ದು ಎಲ್ಲಿಂದ? ಹೈದರಾಬಾದಿನ ಬಿಳಿ ಆರ್ಕಿಡ್ ಕುಂಡದಿಂದ ಎತ್ತಿದೆವು. ಹೊರಗೆ ಚಂದದ ಪಿಂಗಾಣಿ ಕುಂಡ, ಒಳಗೆ ತೆಳು ಪ್ಲಾಸ್ಟಿಕ್ ಕುಂಡ. ಅದರೊಳಗೆ ಬೇರುಗಳ ನಟ್ಟನಡುವೆ, ಸಸಿಯಾಗಿದ್ದಾಗಿನಿಂದ ಉಳಿದ, ಒತ್ತಿ ತುಂಬಿದ ಸ್ಫ್ಯಾಗ್ನಮ್ ಪಾಚಿಯ ಗಟ್ಟಿ ಮುದ್ದೆ. ಮೇಲಿನ ತೊಗಟೆ ಒಣಗಿದ್ದರೂ ಆ ಮುದ್ದೆ ಒದ್ದೆ. ಬಿಡಿಸಿದರೆ ಒಳಗೆಲ್ಲ ಬಿಳಿ ನೂಲಿನ ಜಾಲ, ಅದರಲ್ಲಿ ದೊಡ್ಡವು, ಕಣ್ಣಿಗೆ ಕಷ್ಟಪಟ್ಟು ಕಾಣುವ ಹಳದಿ ಮರಿಗಳು. ಪ್ಲಾಸ್ಟಿಕ್ ಕುಂಡದ ಅಂಚಿನ ಮಡಿಕೆಯ ಕೆಳಗೂ ಸಾಲಾಗಿ ಕೂತಿದ್ದವು. ಟೀಚರ್ ಅದುವರೆಗೆ ಒರೆಸಿದ್ದು, ಸಿಂಪಡಿಸಿದ್ದು ಎಲ್ಲವೂ ಎಲೆಗೆ. ಮೂಲ ಇದ್ದದ್ದು ಬುಡದಲ್ಲಿ.

ಈ ಉದ್ದ ಬಾಲದ ಜಾತಿಯ ಒಂದು ಗುಣ ಇಲ್ಲಿ ಹೇಳಬೇಕು. ಬೇರೆ ಕೆಲವು ಹಿಟ್ಟು ತಿಗಣೆಗಳು ಹತ್ತಿಯಂಥ ಚೀಲ ಮಾಡಿ ಅದರಲ್ಲಿ ಮೊಟ್ಟೆಯಿಡುತ್ತವೆ, ಚೀಲ ಕಣ್ಣಿಗೆ ಬೀಳುತ್ತದೆ. ಇದು ಹೆಚ್ಚುಕಮ್ಮಿ ಮರಿಯನ್ನೇ ಹಾಕುತ್ತದೆ. ಮೊಟ್ಟೆ ಚೀಲ ಕಾಣುತ್ತಿಲ್ಲ ಎಂದು ನಿರಾಳವಾಗುವ ಹಾಗಿಲ್ಲ. ಹೊಸ ಮರಿಗೆ ಮೇಣದ ಹೊದಿಕೆ ಇನ್ನೂ ದಪ್ಪವಾಗಿರುವುದಿಲ್ಲ, ಅದು ಓಡಾಡುವುದೂ ಆ ವಯಸ್ಸಿನಲ್ಲೇ, ಸಾಯಿಸಲು ಸುಲಭವೂ ಆಗಲೇ.

ಯಾವ ಗಿಡಕ್ಕೆ ಎಷ್ಟು ಹತ್ತಿದೆ ಎಂದು ಸ್ಟ್ಯಾಂಡಿನ ಮೇಲಿನ ಜಾಗದ ಪ್ರಕಾರ ಗುರುತು ಹಾಕಿದಾಗ ಇನ್ನೊಂದು ಸಂಗತಿ ಹೊರಬಂತು. ಹೊಸ ಗಿಡದ ಪಕ್ಕದವುಗಳಿಗೆ ಹತ್ತಿದ್ದು ಸರಿ, ಎಲೆಗೆ ಎಲೆ ತಾಗಿತ್ತು. ಆದರೆ ಕೂಲರ್ ಗಾಳಿಯ ದಿಕ್ಕಿನಲ್ಲಿ ದೂರ ಇದ್ದವಕ್ಕೂ ಹತ್ತಿತ್ತು. ಗಾಳಿಗೆ ಎದುರು ಬದಿಯಲ್ಲಿ ಹತ್ತಿರವೇ ಇದ್ದ ಎರಡಕ್ಕೆ ಇಲ್ಲ. ಎಳೆ ಮರಿಗಳು ಗಾಳಿಯಲ್ಲಿ ತೇಲಿ ಹೋಗುತ್ತವೆ. ತಂಪಿಗೆಂದು ಇಟ್ಟ ಕೂಲರ್ ಅವನ್ನು ಗಿಡದಿಂದ ಗಿಡಕ್ಕೆ ಹಂಚುತ್ತಿತ್ತು.

ನಿಜವಾದ ಕೆಲಸ

ಅವತ್ತೇ ಎಲ್ಲ ಗಿಡ ಬಿಚ್ಚಿ ಹಾಕಿದೆವು, ಆರೋಗ್ಯವಾಗಿ ಕಂಡವನ್ನೂ ಬಿಡಲಿಲ್ಲ. ಎರಡು ಗಿಡ ಉಳಿಸುವ ಹಾಗಿರಲಿಲ್ಲ. ಒಂದು ಸುಳಿ ಕೊಳೆತದ್ದು. ಇನ್ನೊಂದು ಆ ಬಿಳಿ ಆರ್ಕಿಡ್: ಎಲೆ ಹಸಿರಾಗಿದ್ದರೂ ಬೇರುಗಳೆಲ್ಲ ಟೊಳ್ಳು, ಸುಳಿಯ ಪದರಗಳೊಳಗೂ ಹುಳು. ಯಜಮಾನರು ಪ್ರೀತಿಯಿಂದ ತಂದದ್ದು, ಟೀಚರ್‌ಗೆ ಬಿಡಲು ಮನಸ್ಸಿಲ್ಲ. ಒಂದು ಗಿಡದ ಮೋಹಕ್ಕೆ ಉಳಿದವನ್ನು ಪಣಕ್ಕಿಡಬೇಡಿ ಎಂದು ಹೇಳಿದೆ. ಕೊನೆಗೆ ಅವರೇ ಎರಡನ್ನೂ ಹಳೆಯ ತೊಗಟೆ, ಪಾಚಿಯ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಕಸದ ಗಾಡಿಗೆ ಕೊಟ್ಟರು. ಹಿತ್ತಲಿಗೆ ಎಸೆಯಬಾರದು, ಗೊಬ್ಬರದ ಗುಂಡಿಗೂ ಹಾಕಬಾರದು.

ಉಳಿದವುಗಳ ಬೇರನ್ನು ನಲ್ಲಿ ನೀರಿನ ಸಣ್ಣ ಧಾರೆಯಲ್ಲಿ ತೊಳೆದೆವು. ಒತ್ತಿದರೆ ಮೆತ್ತಗಾಗುವ, ಟೊಳ್ಳಾದ ಬೇರು ಕತ್ತರಿಸಿ, ಒದ್ದೆಯಾದಾಗ ಹಸಿರಾಗುವ ಗಟ್ಟಿ ಬೇರು ಉಳಿಸಿಕೊಂಡೆವು. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆವು. ಬುಡದ ಸುತ್ತ ಒಣಗಿ ಕಾಗದದಂತಾದ ಹಳೆಯ ಎಲೆಬುಡದ ಪೊರೆಗಳನ್ನು ಉಗುರಿನಿಂದ ಸುಲಿದಾಗ ಅವುಗಳ ಕೆಳಗೆ ಹುಳು ಪದರ ಪದರವಾಗಿ ಸಿಕ್ಕಿತು. ಸುಲಿಯದೆ ಬಿಟ್ಟಿದ್ದರೆ ಇಷ್ಟೂ ಕೆಲಸ ದಂಡವಾಗುತ್ತಿತ್ತು.

ಹುಳು ಕೊಲ್ಲಲು ಬಳಸಿದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್, ಇಯರ್ ಬಡ್ಸ್, ಒಂದು ಮೆತ್ತನೆ ಪೇಂಟಿಂಗ್ ಬ್ರಷ್. ಬಡ್ಸ್ ತುದಿ ಅದ್ದಿ ಹುಳುವಿಗೆ ಮುಟ್ಟಿಸಿದರೆ ಮೇಲಿನ ಬಿಳುಪು ಕರಗಿ ಒಳಗಿನ ಮೈ ಬಣ್ಣ ಕಾಣುತ್ತದೆ, ಸತ್ತ ಗುರುತು ಅದೇ. ಕಂಕುಳಿನ ಆಳಕ್ಕೆ ಬ್ರಷ್. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬಹುದೇ ಎಂದು ಟೀಚರ್ ಕೇಳಿದರು. ಅದರಲ್ಲಿ ಗ್ಲಿಸರಿನ್, ಸುವಾಸನೆ ಬೆರೆತಿರುತ್ತದೆ, ಬೇಡ. ಆಲ್ಕೋಹಾಲನ್ನು ಬೇರಿಗೆ ಸುರಿಯಬಾರದು, ಸುಳಿಯಲ್ಲಿ ನಿಲ್ಲಿಸಬಾರದು, ಮೊದಲು ಒಂದು ಎಲೆಗೆ ಹಚ್ಚಿ ಒಂದು ದಿನ ಕಾದು ನೋಡುವುದು ಒಳ್ಳೆಯದು. ಇನ್ನೂ ಒಂದು ಎಚ್ಚರ: ಆ ಹಾಲ್‌ನಲ್ಲೇ ದೇವರ ಗೂಡು, ನಂದಾದೀಪ. ಸ್ಪಿರಿಟ್ ಬೆಂಕಿಗೆ ತಟ್ಟನೆ ಹತ್ತುತ್ತದೆ. ಅದಕ್ಕೇ ಕೆಲಸವೆಲ್ಲ ವರಾಂಡದಲ್ಲಿ ಮಾಡಿದೆವು.

ಕುಂಡಗಳನ್ನು ಸೋಪು, ಬಿಸಿನೀರಿನಲ್ಲಿ ಉಜ್ಜಿ, ಕುದಿನೀರಲ್ಲಿ ನೆನೆಸಿ ಆರಿಸಿದ ಹೊಸ ತೊಗಟೆ, ಇದ್ದಿಲ ಚೂರು ತುಂಬಿ ನೆಟ್ಟೆವು. ಸ್ಟ್ಯಾಂಡಿನ ಹಲಗೆಗಳ ಅಡಿ, ಕಿಟಕಿ ಚೌಕಟ್ಟಿನ ಸಂದಿ ಎಲ್ಲ ಒರೆಸಿದ್ದಾಯಿತು. ಸ್ಟ್ಯಾಂಡ್ ಕೂಲರ್ ಗಾಳಿಯ ನೇರದಿಂದ ಸರಿಯಿತು.

ಇರುವೆಗಳು ತಿಗಣೆಯ ಸಿಹಿ ಅಂಟಿಗಾಗಿ ಬರುತ್ತವೆ, ಅದಕ್ಕೆ ಪ್ರತಿಯಾಗಿ ತಿಗಣೆಯ ಶತ್ರುಗಳನ್ನು ಓಡಿಸುತ್ತವೆ. ಇದಕ್ಕೆ ಉಪಾಯ ಹೇಳಿದ್ದು ಅತ್ತೆಯವರು. ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿ ಇಡುವ ಹಾಗೆ ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಟ್ಟರು. ಇರುವೆ ಸಾಲು ನಿಂತಿತು. ಸೊಳ್ಳೆ ಮರಿ ಆಗದಂತೆ ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಬೇಕು, ಮಳೆಗಾಲದಲ್ಲಿ ಮರೆಯಲೇಬಾರದು.

ಆಮೇಲೆ ಐದಾರು ದಿನಕ್ಕೊಮ್ಮೆ ಬಡ್ಸ್ ಹಿಡಿದು ಪ್ರತಿ ಎಲೆಯ ಅಡಿ, ಕಂಕುಳು ನೋಡುವುದು. ಈ ಅಂತರ ಸುಮ್ಮನೆ ಹೇಳಿದ್ದಲ್ಲ. ಬಿಸಿ ದಿನಗಳಲ್ಲಿ ಮರಿಯೊಂದು ಬೆಳೆದು ತಾನೇ ಮರಿ ಹಾಕಲು ಒಂದು–ಒಂದೂವರೆ ತಿಂಗಳು ಸಾಕು. ತಪ್ಪಿಸಿಕೊಂಡ ಒಂದೊಂದೂ ದೊಡ್ಡದಾಗುವ ಮುಂಚೆ ಕೈಗೆ ಸಿಗಬೇಕು. ಹುಳು ಕಾಣದ ವಾರವೂ ನೋಡುವುದು ತಪ್ಪಬಾರದು ಎಂದು ಒತ್ತಿ ಹೇಳಿದ್ದೆ. ಟೀಚರ್ ಭಾನುವಾರ, ಗುರುವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು, ನಾನು ಹೇಳಿದ್ದಕ್ಕಿಂತ ಬಿಗಿಯಾಗಿ.

ಮತ್ತೆ ಬಂದದ್ದು

ಮಳೆಗಾಲದ ಹೊತ್ತಿಗೆ ಎಲ್ಲ ಚೊಕ್ಕಟ. ಶ್ರಾವಣದಲ್ಲಿ ಒಂದೇ ಒಂದು ಗಿಡದಲ್ಲಿ ಮತ್ತೆ ಕಾಣಿಸಿತು, ಅದೂ ಮೇಲ್ಭಾಗದಲ್ಲಿ, ಹಳೆಯ ಹೂದಂಡಿನ ಗಂಟಿನ ಹತ್ತಿರ. ಟೀಚರ್ ಕುಗ್ಗಿಹೋದರು, ಔಷಧವನ್ನೇ ಹೊಡೆಸಿಬಿಡಲೇ ಎಂದು ಕೇಳುವ ಮಟ್ಟಕ್ಕೆ ಬಂದಿದ್ದರು. ಬೇರು ತೆಗೆದು ನೋಡಿದೆವು, ಶುದ್ಧ. ಕಂಕುಳೂ ಶುದ್ಧ. ಕೊನೆಗೆ ಕಂಡದ್ದು ಹೂದಂಡಿಗೆ ಆಸರೆಯಾಗಿ ನೆಟ್ಟಿದ್ದ ಬಿದಿರು ಕಡ್ಡಿ. ಅದು ಹೈದರಾಬಾದಿನ ಗಿಡದ ಜೊತೆ ಬಂದದ್ದು. ಗಿಡ ಎಸೆದಾಗ ಗಟ್ಟಿ ಕಡ್ಡಿ ಎಂದು ಎತ್ತಿಟ್ಟು ಈ ಗಿಡಕ್ಕೆ ಬಳಸಿದ್ದರು. ಸೀಳಿದರೆ ಕಡ್ಡಿಯ ಟೊಳ್ಳಿನಲ್ಲಿ ತಿಗಣೆ. ದಂಡು ಹಿಡಿದಿದ್ದ ಚಿಟ್ಟೆ ಕ್ಲಿಪ್ಪಿನ ಹಲ್ಲುಗಳ ನಡುವೆಯೂ ಇತ್ತು.

ಕಡ್ಡಿ, ಕ್ಲಿಪ್ಪು ಹೋದ ಮೇಲೆ ಆ ಮನೆಯಲ್ಲಿ ಅದು ಮತ್ತೆ ಕಾಣಿಸಿಲ್ಲ. ಔಷಧ ಹೊಡೆದಿದ್ದರೂ ಅದು ಕಡ್ಡಿಯ ಟೊಳ್ಳಿಗೆ ಇಳಿಯುತ್ತಿರಲಿಲ್ಲ.

ಈಗಿನ ಸ್ಥಿತಿ

ದಸರೆಯ ಹೊತ್ತಿಗೆ ಉಳಿದ ಗಿಡಗಳಲ್ಲಿ ಹೊಸ ಎಲೆ, ತುದಿ ಹಸಿರಾದ ಹೊಸ ಬೇರು. ಎಣ್ಣೆಯಿಂದ ಸುಟ್ಟ ಎಲೆಗಳು ಹಾಗೇ ಇವೆ, ಆ ಮಚ್ಚೆ ವಾಸಿಯಾಗುವಂಥದ್ದಲ್ಲ. ಗಿಡಕ್ಕೆ ಆಹಾರ ಮಾಡುವವರೆಗೆ ಕೀಳಬೇಡಿ ಎಂದಿದ್ದೇನೆ. ರಾತ್ರಿ ತಂಪಾದಾಗ ಫಲೇನಾಪ್ಸಿಸ್ ಹೂದಂಡು ಬಿಡುತ್ತದೆ. ನಮ್ಮಲ್ಲಿ ಅದಕ್ಕೆ ಸಿಗುವುದು ನವೆಂಬರ್‌ನಿಂದ ಜನವರಿವರೆಗಿನ ಕಾಲ ಮಾತ್ರ. ಈ ಚಳಿಗೆ ಮೂರು ಗಿಡ ದಂಡು ಬಿಟ್ಟವು. ಬೇರು ಹೆಚ್ಚು ಕಳೆದುಕೊಂಡಿದ್ದ ಒಂದು ಗಿಡದ ದಂಡನ್ನು ಟೀಚರ್ ತಾವಾಗಿಯೇ ಕತ್ತರಿಸಿದರು, ಮೊದಲು ಬೇರು ಬರಲಿ ಎಂದು. ಒಳ್ಳೆಯ ನಿರ್ಧಾರ.

ಈಗ ಹೊಸ ಗಿಡ ಬಂದರೆ ಒಂದೂವರೆ ತಿಂಗಳು ಹಿಂದಿನ ಕೋಣೆಯಲ್ಲಿ ಒಂಟಿಯಾಗಿ ಇರುತ್ತದೆ. ಹೂವಿದ್ದರೂ ಕುಂಡದಿಂದ ಎತ್ತಿ ನಡುವಿನ ಪಾಚಿ ಮುದ್ದೆ ಬಿಡಿಸಿ ನೋಡುತ್ತಾರೆ. ಹೂವು ಒಂದೆರಡು ವಾರ ಬೇಗ ಉದುರಬಹುದು, ಉದುರಲಿ.

ಬಳ್ಳಾರಿ, ಕೊಪ್ಪಳದ ಕಡೆ ಟೆರೇಸಿನಲ್ಲಿ ನೆರಳುಬಲೆ ಕಟ್ಟಿ ಹೆಚ್ಚು ಆರ್ಕಿಡ್ ಇಟ್ಟವರು ಇದೇ ಕ್ರಮ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಐವತ್ತು ಗಿಡಕ್ಕೆ ಬಡ್ಸ್ ಹಿಡಿದು ಕೂರುವುದು ಆಗದ ಮಾತು. ಅಲ್ಲಿ ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಬಿಡಬಹುದು. ಆಸ್ಟ್ರೇಲಿಯಾ ಮೂಲದ ಇದನ್ನು 1898ರಲ್ಲೇ ನಮ್ಮ ದೇಶಕ್ಕೆ ತರಲಾಗಿದೆ. ಬಿಟ್ಟ ಮೇಲೆ ಬೇವು, ಸೋಪು, ಔಷಧ ಯಾವುದನ್ನೂ ಹೊಡೆಯುವ ಹಾಗಿಲ್ಲ, ಇರುವೆಯನ್ನು ಮೊದಲೇ ತಡೆದಿರಬೇಕು. ಮನೆಯ ಹಾಲ್‌ಗೆ ಮಾತ್ರ ಅದನ್ನು ಹೇಳುವುದಿಲ್ಲ: ಬೆಳಕಿನ ಕಡೆ ಹಾರಿ ಕಿಟಕಿ ಗಾಜಿಗೆ ಬಡಿದುಕೊಂಡು, ತಿನ್ನಲು ಸಾಕಷ್ಟು ಹುಳು ಸಿಗದೆ ಸಾಯುತ್ತವೆ.